ಅತ್ತೆ ಓದಿ ಹೇಳಿದ ಅಪ್‌ಡೇಟ್

ಇಸ್ತ್ರಿಯಮ್ಮನಿಗೆ ಓದು ಬರುವುದಿಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಅಳಿಯ ಒಬ್ಬನೇ. ಅವನಿಗೆ ಗೊತ್ತಾಗಬಾರದೆಂದೇ ಆಕೆ ದಿನಾ ಬೆಳಿಗ್ಗೆ ಪೇಪರ್ ಹಿಡಿದು ಕೂರುತ್ತಿದ್ದಳು. ಅಳಿಯನಿಗೆ ಕಣ್ಣು ಕಾಣುವುದಿಲ್ಲ. ಹಾಗಾಗಿ ಸುಮ್ಮನೆ ಹಿಡಿದು ಕೂತರೆ ಸಾಲದು. ಹಾಳೆಗಳನ್ನು ಸರಬರ ಸದ್ದು ಬರುವ ಹಾಗೆ ಮಗುಚಬೇಕು, ನಡುನಡುವೆ ‘ಅಯ್ಯೋ, ಕಾಲ ಕೆಟ್ಟೋಯ್ತು’ ಎಂದು ನಿಟ್ಟುಸಿರನ್ನೂ ಬಿಡಬೇಕು. ಕಣ್ಣು ಕಾಣದವನ ಮುಂದೆ ನಾಟಕ ಆಡುವುದು ಸುಲಭ ಎಂದು ಯಾರಾದರೂ ತಿಳಿದಿದ್ದರೆ ಒಂದು ದಿನ ಆಡಿ ನೋಡಲಿ.

ಇದಕ್ಕೆ ಕಾರಣವಿತ್ತು. ಮಗಳು ಇವನನ್ನೇ ಮದುವೆಯಾಗುತ್ತೇನೆ ಎಂದಾಗ ಇಸ್ತ್ರಿಯಮ್ಮ ಮಾಡಿದ ರಂಪ ಅಷ್ಟಿಷ್ಟಲ್ಲ. ‘ಜೀವನಪೂರ್ತಿ ಇವನಿಗೆ ದಾರಿ ತೋರಿಸ್ಕೊಂಡು ಕೂರ್ತೀಯಾ?’ ಎಂದು ಅವನ ಎದುರಿಗೇ ಕೇಳಿದ್ದಳು. ಹಾಗೆ ಕೇಳಿದ ಹೆಂಗಸಿಗೆ ತನ್ನ ಹೆಸರು ಬರೆಯಲೂ ಬಾರದು ಎಂದು ಅವನಿಗೆ ತಿಳಿದರೆ ಮುಖ ಎಲ್ಲಿಟ್ಟುಕೊಳ್ಳುವುದು? ಮೊಣಕಾಲು ಕೈಕೊಟ್ಟು, ಇಸ್ತ್ರಿ ಅಂಗಡಿ ಮುಚ್ಚಿ, ಕೊನೆಗೆ ಅದೇ ಅಳಿಯನ ಮನೆಗೆ ಬಂದು ಬೀಳಬೇಕಾಯಿತಲ್ಲ, ಅವತ್ತೇ ಮಗಳ ಕೈಲಿ ಆಣೆ ಹಾಕಿಸಿಕೊಂಡಳು, ಇದನ್ನು ಬಾಯಿ ಬಿಡಕೂಡದು ಎಂದು. ಅಳಿಯನ ಜೊತೆ ನೇರ ಮಾತೂ ಇಲ್ಲ. ಹೇಳುವುದೇನಿದ್ದರೂ ಗೋಡೆಗೆ ಹೇಳುತ್ತಿದ್ದಳು: ಟೀ ಆರಿಹೋಗ್ತಿದೆ, ಕುಡಿಯೋರು ಕುಡೀಬಹುದು. ಕುಡಿಯುವವನು ಬಂದು ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದ. ಅವನ ಈ ಮರ್ಯಾದೆಯೇ ಆಕೆಗೆ ಇನ್ನೂ ಉರಿ.

ಅಳಿಯನಿಗೆ ಬಹಳ ದಿನದಿಂದ ಕೆಲಸವಿರಲಿಲ್ಲ. ಈಗ ಒಂದು ಟ್ಯಾಕ್ಸಿ ಕಂಪನಿ ಕರೆದಿತ್ತು. ಗಿರಾಕಿಗಳ ಫೋನ್ ಎತ್ತಿ, ಕಾರು ಎಲ್ಲಿಗೆ ಬೇಕೆಂದು ಕೇಳಿ ಕಂಪ್ಯೂಟರಿನಲ್ಲಿ ಹಾಕುವುದು. ಮನೆಯಲ್ಲೇ ಕೂತು ಮಾಡುವ ಕೆಲಸ. ಅವನ ಕಂಪ್ಯೂಟರಿನಲ್ಲಿ ಸ್ಕ್ರೀನ್ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಂ ಇತ್ತು. ಉಸಿರು ತೆಗೆದುಕೊಳ್ಳದೆ ವಟಗುಟ್ಟುವ ಆ ಹೆಣ್ಣುದನಿಗೆ ಇಸ್ತ್ರಿಯಮ್ಮ ‘ಬಾಯಿಬಡುಕಿ’ ಎಂದು ಹೆಸರಿಟ್ಟಿದ್ದಳು. ಕಂಪನಿಯ ಷರತ್ತು ಒಂದೇ: ಹಳೆಯ ಸಿಸ್ಟಂ ನಡೆಯುವುದಿಲ್ಲ, ಹೊಸದಕ್ಕೆ ಅಪ್‌ಡೇಟ್ ಮಾಡಿಕೊಂಡು ಮೊದಲ ದಿನ ಮಧ್ಯಾಹ್ನ ಎರಡಕ್ಕೆ ಲಾಗಿನ್ ಆಗಬೇಕು. ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಕಾದಿದ್ದಾರೆ.

ಅವತ್ತು ಹೆಂಡತಿ ಕಾರ್ಖಾನೆಗೆ ಹೊರಟ ಮೇಲೆ ಅಳಿಯ ಅಪ್‌ಡೇಟ್ ಶುರು ಮಾಡಿದ. ಬಾಯಿಬಡುಕಿ ಏನೋ ಒದರಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದೆ ಎಂದು ಹೇಳಿ ಬಾಯಿ ಮುಚ್ಚಿದಳು. ಮುಚ್ಚಿದವಳು ತೆರೆಯಲೇ ಇಲ್ಲ. ಅವನು ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟು ಬಿಸಿ ಇದೆಯೇ ಎಂದು ನೋಡಿದ, ಫ್ಯಾನಿನ ಸದ್ದಿಗೆ ಕಿವಿಗೊಟ್ಟ. ಹೆಂಡತಿಗೆ ಫೋನ್ ಮಾಡುವ ಹಾಗಿಲ್ಲ, ಕಾರ್ಖಾನೆಯವರು ಗೇಟಿನಲ್ಲೇ ಫೋನ್ ತೆಗೆದಿಟ್ಟುಕೊಳ್ಳುತ್ತಾರೆ. ಕಂಪನಿಯ ಸಹಾಯವಾಣಿಗೆ ಮಾಡಿದರೆ ಆ ಮಹಾನುಭಾವ, ಸ್ಕ್ರೀನ್ ಮೇಲೆ ಏನಿದೆ ಓದಿ ಹೇಳಿ ಸಾರ್ ಎಂದ. ಅಳಿಯ ಫೋನ್ ಇಟ್ಟುಬಿಟ್ಟ.

ಆಮೇಲೆ ಅಡುಗೆಮನೆಯ ಕಡೆ ತಿರುಗಿದ. ‘ಅತ್ತೆ, ಒಂದ್ನಿಮಿಷ ಬರ್ತೀರಾ? ಇಲ್ಲೇನು ಬರೆದಿದೆ ಅಂತ ಓದಿ ಹೇಳಿ.’

ಇಸ್ತ್ರಿಯಮ್ಮ ಬೇಕೆಂದೇ ನಿಧಾನ ಮಾಡಿದಳು. ಬಂದು ನಿಂತಳು. ನೀಲಿ ಸ್ಕ್ರೀನ್, ಅದರ ನಡುವೆ ಸುತ್ತುತ್ತಿರುವ ಚುಕ್ಕಿಗಳು, ಕೆಳಗೆ ಒಂದು ಅಂಕಿ, ಅದರ ಕೆಳಗೆ ಇರುವೆ ಸಾಲಿನಂತೆ ಅಕ್ಷರ. ಅಂಕಿ ಆಕೆಗೆ ಬರುತ್ತಿತ್ತು. ಬಸ್ಸಿನ ನಂಬರು, ಮನೆ ನಂಬರು ನೋಡದೆ ಬಟ್ಟೆ ತಲುಪಿಸಲು ಆಗುತ್ತದೆಯೇ? ಅರವತ್ತೊಂದು ಎಂದಿತ್ತು. ಅಷ್ಟನ್ನೇ ಹೇಳಿದ್ದರೂ ಸಾಕಿತ್ತು, ಪುಣ್ಯಾತ್ಗಿತ್ತಿ. ಆದರೆ ಅಂಕಿ ಹೇಳಿದರೆ ಕೆಳಗಿನದನ್ನೂ ಓದಿ ಅನ್ನುತ್ತಾನಲ್ಲ. ಬೇಗ ಕಳಚಿಕೊಳ್ಳಬೇಕಿತ್ತು ಆಕೆಗೆ.

‘ಮುಗೀತು ಅಂತಿದೆ’ ಎಂದಳು, ಗೋಡೆಗೆ.

ಮುಗಿದಿದ್ದರೆ ಮಾತಾಡಬೇಕಿತ್ತಲ್ಲ ಎಂದು ಅವನು ಗೊಣಗಿದ. ಬಹುಶಃ ದನಿ ಸಿಕ್ಕಿಹಾಕಿಕೊಂಡಿರಬೇಕು, ಒಮ್ಮೆ ಆರಿಸಿ ಹಚ್ಚಿದರೆ ಸರಿಹೋದೀತು ಎಂದು ಲೆಕ್ಕ ಹಾಕಿ, ಪವರ್ ಬಟನ್ ಅದುಮಿ ಹಿಡಿದ. ಹಿಡಿದಿದ್ದಾಗಲೇ ಆಕೆಯ ಕಣ್ಣೆದುರಿಗೆ ಅರವತ್ತೊಂದು ಹೋಗಿ ಅರವತ್ತೆರಡು ಬಂತು. ಬೇಡ ಎನ್ನಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಸ್ಕ್ರೀನ್ ಕಪ್ಪಾಯಿತು, ಫ್ಯಾನ್ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಇಲ್ಲಿ ಎರಡೂ ಒಟ್ಟಿಗೇ ಹೋದವು.

ಅವನು ಮತ್ತೆ ಬಟನ್ ಒತ್ತಿದ. ಫ್ಯಾನ್ ತಿರುಗಿತು, ಬಾಯಿಬಡುಕಿ ಮಾತಾಡಲಿಲ್ಲ. ಈ ಸಲ ಬಂದದ್ದು ಬಿಳಿ ಸ್ಕ್ರೀನ್. ಅದರಲ್ಲಿ ಅಕ್ಕಪಕ್ಕ ಎರಡು ಚೌಕ, ಮೂಲೆಯಲ್ಲಿ ಒಂದು ಅಂಕಿ.

‘ಈಗ ಏನಿದೆ, ಅತ್ತೆ?’

ಅವನು ಇನ್ನೊಮ್ಮೆ ಕೇಳಿದ.

‘ನಂಗೆ ಓದಕ್ಕೆ ಬರಲ್ಲ’ ಎಂದಳು. ಈ ಸಲ ಗೋಡೆಗಲ್ಲ, ಅವನಿಗೇ. ‘ಮುಗೀತು ಅಂದಿದ್ದು ಸುಳ್ಳು. ಅರವತ್ತೊಂದು ಇತ್ತು. ನೀವು ಅದುಮಿ ಹಿಡಿದಾಗ ಅರವತ್ತೆರಡಾಯ್ತು.’

ಅಳಿಯ ಬಟನಿನಿಂದ ಕೈ ತೆಗೆದ. ಯಾವತ್ತೂ ದನಿ ಏರಿಸಿದವನಲ್ಲ, ಅವತ್ತೂ ಏರಿಸಲಿಲ್ಲ. ‘ನನ್ನ ಬಾಯಿಗೆ ಮಣ್ಣು ಹಾಕಿದ್ರಲ್ಲ ಅತ್ತೆ. ದಾರಿ ತೋರ್ಸಿ ಅಂತ ಈ ಮನೇಲಿ ಯಾರನ್ನೂ ಕೇಳಿರಲಿಲ್ಲ ನಾನು. ಇವತ್ತೊಂದಿನ ಕೇಳ್ದೆ.’

ಬೈದಿದ್ದರೆ ಆಕೆ ತಿರುಗಿಸಿ ಬೈಯುತ್ತಿದ್ದಳು, ಅದರಲ್ಲಿ ಎತ್ತಿದ ಕೈ. ಇದು ಬೈಗುಳವಲ್ಲ. ನಾಚಿಕೆಯಿಂದ ಹಿಡಿಯಾಗಿ ನಿಂತಳು. ಆದರೆ ಕಣ್ಣು ಮಾತ್ರ ಸ್ಕ್ರೀನ್ ಬಿಟ್ಟಿರಲಿಲ್ಲ. ಮೂಲೆಯ ಅಂಕಿ ಇಳಿಯುತ್ತಿತ್ತು. ಇನ್ನೂರ ನಲವತ್ತು, ಇನ್ನೂರ ಮೂವತ್ತೊಂಬತ್ತು. ಅದನ್ನು ಹೇಳಿದಳು. ಎರಡು ಚೌಕದಲ್ಲಿ ಒಂದಕ್ಕೆ ಹಳದಿ ಗೆರೆ ಇದೆ ಎಂಬುದನ್ನೂ ಹೇಳಿದಳು.

ಅವನು ಸರಕ್ಕನೆ ನೆಟ್ಟಗೆ ಕೂತ. ಅರ್ಧದಲ್ಲಿ ನಿಂತರೆ ಇಂಥದ್ದು ಬರುತ್ತದೆ ಎಂದು ಅವನ ಗೆಳೆಯನೊಬ್ಬ ಹೇಳಿದ್ದನಂತೆ. ಒಂದು ಚೌಕ ಒತ್ತಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಇನ್ನೊಂದು ಒತ್ತಿದರೆ ಎಲ್ಲ ಅಳಿಸಿ ಹೊಸದಾಗಿ ಹಾಕುತ್ತದೆ. ಬಾಯಿಬಡುಕಿಯೂ ಹೋದಳು, ಕಂಪನಿಯ ಪ್ರೋಗ್ರಾಮೂ ಹೋಯಿತು, ಕೆಲಸವೂ ಹೋಯಿತು. ಅಂಕಿ ಸೊನ್ನೆಗೆ ಬಂದರೆ ಗೆರೆ ಇರುವ ಚೌಕವನ್ನು ತಾನೇ ಒತ್ತಿಕೊಳ್ಳುತ್ತದೆ. ಗೆರೆ ಯಾವುದರ ಮೇಲಿದೆ ಎಂದು ಹೇಳುವವರು ಮನೆಯಲ್ಲಿ ಇಲ್ಲ. ಇದ್ದ ಒಬ್ಬಳಿಗೆ ಓದು ಬಾರದು.

‘ಅಕ್ಷರ ಗೊತ್ತಿಲ್ಲ’ ಎಂದಳು ಇಸ್ತ್ರಿಯಮ್ಮ. ‘ಆದ್ರೆ ಹೇಗಿದೆಯೋ ಹಾಗೇ ಗೀಚಬಲ್ಲೆ.’

ಅದು ಬರಿ ಬಾಯಿಮಾತಲ್ಲ. ಅಂಗಡಿ ನಡೆಸಿದಷ್ಟು ಕಾಲ ಗಿರಾಕಿಗಳ ಹೆಸರು ಬರೆಯಲಾರದೆ, ಕಾಲರಿನ ಒಳಗೆ ಗುರುತು ಹಾಕಿ ಹಾಕಿ ಪಳಗಿದ ಕೈ: ಒಬ್ಬರಿಗೆ ಏಣಿ, ಒಬ್ಬರಿಗೆ ಕಾಗೆಕಾಲು, ಒಬ್ಬರಿಗೆ ಮುರಿದ ಕೊಡೆ. ಒಬ್ಬರ ಅಂಗಿ ಇನ್ನೊಬ್ಬರ ಮೈಮೇಲೆ ಹೋದದ್ದೇ ಇಲ್ಲ.

ಅಳಿಯ ದನಿ ಬಂದ ಕಡೆ ಹೊರಳಿದ. ಎಂಟು ವರ್ಷದವರೆಗೆ ನಂಗೆ ಕಣ್ಣಿತ್ತು, ಸ್ಲೇಟ್ ಮೇಲೆ ಬರೆದಿದ್ದು ನೆನಪಿದೆ ಎಂದು ಬಲಗೈ ಚಾಚಿದ.

ಆ ಕೈಯನ್ನು ಇಸ್ತ್ರಿಯಮ್ಮ ಯಾವತ್ತೂ ಮುಟ್ಟಿದವಳಲ್ಲ. ಹಿಡಿದುಕೊಂಡು, ಬಿಸಿ ಇಸ್ತ್ರಿಪೆಟ್ಟಿಗೆಗೆ ಸುಟ್ಟು ಸುಟ್ಟು ಗಡಸಾದ ಬೆರಳ ತುದಿಯಿಂದ ಮೊದಲ ಅಕ್ಷರವನ್ನು ಅಂಗೈ ಮೇಲೆ ಎಳೆದಳು. ಅವನಿಗೆ ತಿಳಿಯಲಿಲ್ಲ. ಮತ್ತೆ ಎಳೆದಳು. ಇಂಥ ಅಕ್ಷರವೇ ಇಲ್ಲ ಎಂದ. ಇಬ್ಬರಿಗೂ ಬೆವರು. ಆಮೇಲೆ ಆಕೆಗೇ ಹೊಳೆಯಿತು: ತಾನು ಅವನೆದುರಿಗೆ ನಿಂತಿದ್ದಾಳೆ, ಬರೆದದ್ದೆಲ್ಲ ಅವನಿಗೆ ತಲೆಕೆಳಗು. ನೋಯುವ ಮೊಣಕಾಲು ಎಳೆದುಕೊಂಡು ಅವನ ಪಕ್ಕದ ಕುರ್ಚಿಗೆ ಬಂದು, ಹೆಗಲಿಗೆ ಹೆಗಲು ತಾಗಿಸಿ ಕೂತಳು. ಅಂಕಿ ನೂರಕ್ಕಿಂತ ಕೆಳಗಿಳಿದಿತ್ತು.

ಈಗ ಅಕ್ಷರ ಹತ್ತಿತು. ಒಂದಾದ ಮೇಲೊಂದನ್ನು ಅವನು ಬಾಯಲ್ಲೇ ಹೇಳಿಕೊಂಡ. ಒಂದು ಕಡೆ ತಡೆದು, ಮತ್ತೆ ಬರೀರಿ ಎಂದ. ಬರೆದಳು.

‘ಎಲ್ಲ ಅಳಿಸು ಅಂತಿದೆ ಅತ್ತೆ. ಹಳದಿ ಗೆರೆ ಇದರ ಮೇಲೇನಾ?’

‘ಇದರ ಮೇಲೇ.’

ಅವನು ಎಡಗೈಯಲ್ಲಿ ಕೀಬೋರ್ಡ್ ತಡವಿ ಬಾಣದ ಗುರುತಿನ ಕೀಲಿ ಒತ್ತಿದ. ಗೆರೆ ಪಕ್ಕದ ಚೌಕಕ್ಕೆ ಹಾರಿತು. ಅಂಕಿ ಇಪ್ಪತ್ತು ಚಿಲ್ಲರೆ. ಆ ಚೌಕದ್ದೂ ಬರೀರಿ ಎಂದ. ಮೂರು ಅಕ್ಷರ ಬರೆಯುವಷ್ಟರಲ್ಲಿ ಸಾಕು ಎಂದು ಎಂಟರ್ ಒತ್ತಿದ.

ನೀಲಿ ಸ್ಕ್ರೀನ್ ಬಂತು. ಚುಕ್ಕಿಗಳು ಸುತ್ತಿದವು. ಅಂಕಿ ಅರವತ್ತೆರಡು.

ಅಲ್ಲಿಂದ ಆಕೆ ಕುರ್ಚಿ ಬಿಟ್ಟು ಏಳಲಿಲ್ಲ. ಪ್ರತಿ ಅಂಕಿಯನ್ನೂ ಹೇಳಿದಳು, ಒಂದನ್ನೂ ನುಂಗಲಿಲ್ಲ. ಎಂಬತ್ತರ ಹತ್ತಿರ ಅದು ಕದಲದೆ ನಿಂತಾಗ ಅವನ ಕೈ ಬಟನಿನ ಕಡೆಗೆ ಹೋಯಿತು. ಚುಕ್ಕಿ ಸುತ್ತುತ್ತಾ ಇದೆ, ಮುಟ್ಟಬೇಡಿ ಎಂದಳು. ಅವನು ಕೈ ಹಿಂದಕ್ಕೆ ತೆಗೆದ. ಸ್ವಲ್ಪ ಹೊತ್ತಿನ ಹಿಂದೆ ಸುಳ್ಳು ಹೇಳಿದ್ದ ಬಾಯಿಯನ್ನು ಅವನು ಮತ್ತೆ ನಂಬಿದ. ನೂರು ತಲುಪಿ ಸ್ಕ್ರೀನ್ ಕಪ್ಪಾಯಿತು. ಮತ್ತೆ ಬೆಳಕಾಯಿತು. ಬಾಯಿಬಡುಕಿ ಏನೂ ಆಗಿಲ್ಲವೆಂಬಂತೆ ವಟವಟ ಶುರು ಮಾಡಿದಳು. ಆ ದನಿಗೆ ದಿನಾ ಶಾಪ ಹಾಕುತ್ತಿದ್ದ ಇಸ್ತ್ರಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಎರಡಕ್ಕೆ ಇನ್ನೂ ಸ್ವಲ್ಪ ಇರುವಾಗ ಅಳಿಯ ಲಾಗಿನ್ ಆದ. ಅವನು ಮೊದಲ ಫೋನ್ ಎತ್ತಿ, ನಮಸ್ಕಾರ, ಕಾರು ಎಲ್ಲಿಗೆ ಬೇಕು ಎಂದು ಕೇಳಿದ್ದು ಅಡುಗೆಮನೆಗೆ ಕೇಳಿಸಿತು. ಸಂಜೆಯವರೆಗೂ ಆಕೆ ಒಂದು ಪಾತ್ರೆಯ ಸದ್ದೂ ಮಾಡಲಿಲ್ಲ.

ಮಗಳು ಬಂದವಳು ಚಪ್ಪಲಿ ಬಿಡುವ ಮೊದಲೇ, ಏನಾಯ್ತು ಎಂದು ಗಂಡನನ್ನು ಕೇಳಿದಳು. ನಡುವೆ ದನಿ ನಿಂತಿತ್ತು, ಆದ್ರೂ ಆಯ್ತು, ಕೆಲಸ ಶುರುವಾಯ್ತು ಎಂದ ಅವನು. ಮತ್ತೆ ಸ್ಕ್ರೀನ್ ಯಾರು ನೋಡಿದ್ದು ಎಂದಳು.

‘ಅತ್ತೆ ಓದಿ ಹೇಳಿದ್ರು’ ಎಂದ.

ಮಗಳು ಗಾಬರಿಯಿಂದ ತಾಯಿಯ ಕಡೆ ನೋಡಿದಳು. ಇಸ್ತ್ರಿಯಮ್ಮ ಸುಮ್ಮನಿದ್ದರೆ ಆಗುತ್ತಿತ್ತು; ಅಳಿಯ ಆಕೆಯ ಮಾನ ಕಾಯಲು ಸಿದ್ಧನಾಗಿಯೇ ಹಾಗೆ ಹೇಳಿದ್ದ. ಆಕೆ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಹೊರಗೆ ಬಂದಳು.

‘ಓದಿದ್ದು ಅವರು ಕಣೇ’ ಎಂದಳು. ‘ನಾನು ಬರೆದೆ.’