ಅವರ ಎಡಗಣ್ಣಿಗೆ ನಾನು ಹಾಕಿದ ರಸ

ಆ ಸೋಮವಾರ ಬೆಳಿಗ್ಗೆ ಸೊಪ್ಪಿನ ತೋಟದಿಂದ ಬಂದ ನಮ್ಮ ಯಜಮಾನರು ಎಡಗಣ್ಣು ಮುಚ್ಚಿಕೊಂಡೇ ಕಾಫಿ ಕುಡಿದರು. ಹಿಪ್ಪುನೇರಳೆ ಕೊಯ್ಯುವಾಗ ಬಗ್ಗಿಸಿ ಹಿಡಿದಿದ್ದ ಕಡ್ಡಿಯೊಂದು ಚಿಮ್ಮಿ ಕಣ್ಣಿಗೆ ಬಡಿದಿತ್ತು. ಕಣ್ಣು ಕೆಂಪಗಾಗಿತ್ತು. ನೀರು ಸುರಿಯುತ್ತಿತ್ತು.

"ಮರಳು ಬಿದ್ದಂಗೆ ಚುಚ್ತಾ ಐತೆ. ನಿನ್ ರಸ ಎರಡು ಹನಿ ಹಾಕು ರತ್ನಾ" ಎಂದರು.

ಹಾಕಿದೆ.

ಆ ರಸದ ಬಗ್ಗೆ ಹೇಳಿಬಿಡುತ್ತೇನೆ. ನಮ್ಮದು ಸುಗಟೂರಿನ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಬಂದ ವರ್ಷವೇ ಹಿತ್ತಲಲ್ಲಿ ನಂದಿಬಟ್ಟಲು ಗಿಡ ನೆಟ್ಟಿದ್ದೆ. ತವರು ಕುರುಡುಮಲೆಯ ಕಡೆ. ಅಲ್ಲಿ ನಮ್ಮಮ್ಮ ಕಣ್ಣಿನ ಔಷಧಿಗೆ ಹೆಸರಾದವಳು. ಬಿಸಿಲೇರುವ ಮೊದಲು ಹೂ ಬಿಡಿಸಿ, ತೊಳೆದು, ಬಿಳಿ ಬಟ್ಟೆಯಲ್ಲಿ ಹಿಂಡಿ, ಒಂದು ತೊಟ್ಟು ಜೇನು ಬೆರೆಸುವುದು. ಅವಳಿಂದ ನನಗೆ ಬಂತು. ಕಣ್ಣು ಕೆಂಪಾದವರು, ಪಿಸುರು ಕಟ್ಟಿದವರು, ಕಣ್ಣಲ್ಲಿ ಹೊಟ್ಟು ಬಿದ್ದವರು ನಮ್ಮ ಜಗುಲಿಗೆ ಬಂದು ತಲೆ ಹಿಂದಕ್ಕೆ ಮಾಡಿ ಕೂರುತ್ತಿದ್ದರು. ನಾನು ಅಂಗನವಾಡಿ ಟೀಚರ್. ಮಕ್ಕಳ ಬಾಯಿಗೆ ವಿಟಮಿನ್ ಎ ಸಿರಪ್ ಹಾಕಿಸುವವಳೂ ನಾನೇ, ಅವರ ಅಜ್ಜಿಯರ ಕಣ್ಣಿಗೆ ಹೂವಿನ ರಸ ಹಿಂಡುವವಳೂ ನಾನೇ. ಎರಡರ ನಡುವೆ ಏನಾದರೂ ತಕರಾರಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಂಗಳವಾರ ನೀರು ಸೋರುವುದು ಕಡಿಮೆಯಾಯಿತು. "ನೋವು ಬಿಡ್ತು ಬಿಡು" ಎಂದರು. ಮತ್ತೆ ಹುಳಮನೆಗೆ ಹೋದರು. ರೇಷ್ಮೆ ಹುಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದಿದ್ದ ವಾರ ಅದು. ಆಗ ಅವು ತಿನ್ನುವ ಸದ್ದು ಮಳೆ ಹುಯ್ದಂತೆ ಕೇಳಿಸುತ್ತದೆ. ಸೊಪ್ಪು ಹಾಕುವ ಕೈ ಒಂದು ಹೊತ್ತೂ ನಿಲ್ಲುವಂತಿಲ್ಲ. ಕಣ್ಣಿನ ನೋವು ಸ್ವಲ್ಪ ತಡೆದರೆ ಆಯಿತು ಎಂದು ಇಬ್ಬರೂ ಅಂದುಕೊಂಡೆವು.

ಗುರುವಾರ ಅವರಿಗೆ ಬೆಳಕು ನೋಡಲು ಆಗುತ್ತಿರಲಿಲ್ಲ. ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು, ಒಂದೇ ಕಣ್ಣಿನ ಸಂದಿಯಿಂದ ನೋಡುತ್ತಾ ಸೊಪ್ಪು ಹಾಕಿದರು. ರಸವನ್ನು ದಿನಕ್ಕೆ ಎರಡು ಸಲದಿಂದ ನಾಲ್ಕಕ್ಕೆ ಏರಿಸಿದೆ.

ಶುಕ್ರವಾರ ಮಗಳು ಕಾವ್ಯ ಮೊಬೈಲ್ ಟಾರ್ಚ್ ಹಿಡಿದು ಅಪ್ಪನ ಕಣ್ಣು ನೋಡಿದಳು. ಕೋಲಾರದಲ್ಲಿ ಬಿ.ಕಾಂ. ಓದುವವಳು, ಮಾತು ಕಡಿಮೆ.

"ಅಮ್ಮಾ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಐತೆ."

ನಾನೂ ನೋಡಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅಂಚು ಹಿಂಜಿದ ಹತ್ತಿಯ ಹಾಗಿತ್ತು.

ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ತವರಲ್ಲಿ ಮನೆಮಾತು ತೆಲುಗು. "ಪುವ್ವು ಪಡಿಂದೇಮೋ" ಎಂದಳು. ಹೂ ಬಿದ್ದಿರಬೇಕು ಎಂದರ್ಥ. ಕಣ್ಣಲ್ಲಿ ಬಿಳಿ ಕಲೆ ಕಟ್ಟುವುದಕ್ಕೆ ನಾವೆಲ್ಲ ಹಾಗೇ ಅನ್ನುವುದು. ನುಗ್ಗೆ ಸೊಪ್ಪಿನ ರಸವನ್ನೂ ಸೇರಿಸಿ ಮೂರು ದಿನ ಹಾಕು, ಕರಗುತ್ತದೆ ಎಂದಳು.

ಅದನ್ನೂ ಹಾಕಿದೆ. ಅವರು ಹಲ್ಲು ಕಚ್ಚಿಕೊಂಡರು. "ಉರೀತದೆ. ಉರಿದ್ರೆ ಕೆಲ್ಸ ಮಾಡ್ತಾ ಐತೆ ಅಂತ ತಾನೆ?" ಎಂದರು. ನಾನು ಜಗುಲಿಯಲ್ಲಿ ಎಷ್ಟೋ ಜನಕ್ಕೆ ಹೇಳುತ್ತಿದ್ದ ಮಾತು ಅದು.

ಶನಿವಾರ ಬೆಳಿಗ್ಗೆ ರೆಪ್ಪೆ ಅಂಟಿಹೋಗಿತ್ತು. ಬಿಸಿನೀರಿನ ಬಟ್ಟೆಯಿಂದ ಒರೆಸಿ ಬಿಡಿಸಿದಾಗ ಹಳದಿ ಕೀವು ಬಂತು. ಚುಕ್ಕೆ ಕಡಲೆಬೇಳೆಯಷ್ಟಾಗಿತ್ತು. ಅಭ್ಯಾಸ ನೋಡಿ: ಅಷ್ಟಾದರೂ ನಾನು ಎರಡು ಹನಿ ರಸ ಹಾಕಿಯೇ ಬಟ್ಟಲು ಕೆಳಗಿಟ್ಟೆ. ಅವರು ಮಂಚದ ಕಾಲನ್ನು ಹಿಡಿದುಕೊಂಡು ಕೂತಿದ್ದರು. ನನ್ನ ಕಡೆ ತಿರುಗಿ, "ರತ್ನಾ, ಲೈಟ್ ಹಾಕು, ಇನ್ನೂ ಕತ್ಲೆ" ಎಂದರು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ಕಿಟಕಿಯಿಂದ ಬಿಸಿಲು ನೇರ ಅವರ ಮುಖದ ಮೇಲೆ ಬೀಳುತ್ತಿತ್ತು.

"ಹುಳ ನಾನು ನೋಡ್ಕೊತೀನಿ. ನೀವಿಬ್ರೂ ಈಗ್ಲೇ ಹೊರಡ್ರಿ" ಎಂದಳು ಕಾವ್ಯ. ಅಪ್ಪ ಏನೋ ಹೇಳಲು ಹೋದರು. ಅವಳು ಆಗಲೇ ಅವರ ಚಪ್ಪಲಿ ತಂದು ಕಾಲ ಬಳಿ ಇಟ್ಟಿದ್ದಳು.

ಸುಗಟೂರಿನಿಂದ ಕೋಲಾರಕ್ಕೆ ಬಸ್ಸು ದೂರವಲ್ಲ. ಅವತ್ತು ಮಾತ್ರ ಪ್ರತಿ ಸ್ಟಾಪು, ಪ್ರತಿ ಹಂಪು ನನ್ನ ಲೆಕ್ಕಕ್ಕೆ ಬಂತು. ಬಸ್ಸು ಕುಲುಕಿದಾಗಲೆಲ್ಲ ಟವೆಲ್ಲಿನ ಒಳಗಿನಿಂದ ಸಣ್ಣ ನರಳಿಕೆ.

ಕಣ್ಣಿನ ಆಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಜಮಾನರ ಗದ್ದವನ್ನು ಮೆಷಿನ್ನಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ಆ ಬೆನ್ನು ನೆಟ್ಟಗಾದ ರೀತಿಯಲ್ಲೇ ನನಗೆ ಗೊತ್ತಾಯಿತು.

"ಇದು ಕಾರ್ನಿಯಲ್ ಅಲ್ಸರ್. ಕರಿಗುಡ್ಡೆ ಮೇಲೆ ಹುಣ್ಣಾಗಿದೆ. ಯಾವತ್ತು ಏಟು ಬಿದ್ದಿದ್ದು?"

"ಮೊನ್ನೆ ಮೇಡಂ."

"ಏನಾದ್ರೂ ಹಾಕಿದ್ರಾ? ಎಣ್ಣೆ, ಎದೆಹಾಲು, ಎಲೆ ರಸ?"

"ಏನಿಲ್ಲ ಮೇಡಂ. ಬರೀ ತಣ್ಣೀರು."

ಹೇಳುತ್ತಲೇ ಮೇಜಿನ ಕೆಳಗೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

ಡಾಕ್ಟರ್ ಬರೆಯತೊಡಗಿದರು. ಪೆನ್ನು ಓಡುತ್ತಿತ್ತು. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯ, ಕಣ್ಣು ಹೋಗುವ ಹೊತ್ತಿನಲ್ಲಿ, ನನ್ನ ಮಾನ ಕಾಯಲು ಸುಳ್ಳು ಹೇಳುತ್ತಿದ್ದರು. ಆ ಸುಳ್ಳನ್ನು ನಂಬಿ ಆಕೆ ತಪ್ಪು ಔಷಧಿ ಬರೆದರೆ? ನಾನು ಕೈ ಬಿಡಿಸಿಕೊಂಡೆ.

"ಮೇಡಂ, ಏಟು ಬಿದ್ದಿದ್ದು ಸೋಮವಾರ. ದಿನಾ ರಸ ಹಾಕಿದೀನಿ. ನಂದಿಬಟ್ಟಲು, ಜೇನು. ನೆನ್ನೆಯಿಂದ ನುಗ್ಗೆ ಸೊಪ್ಪಿಂದು. ನಾನೇ ಹಾಕಿದ್ದು."

"ಇವತ್ತು?"

"ಇವತ್ತೂ. ಬರೋಕೆ ಮುಂಚೆ."

ಪೆನ್ನು ನಿಂತಿತು. ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಬರೆದಿದ್ದ ಚೀಟಿಯನ್ನು ಪಕ್ಕಕ್ಕೆ ಸರಿಸಿ, ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಹುಣ್ಣಿನ ಅಂಚನ್ನು ಸಣ್ಣಗೆ ಕೆರೆದು ತೆಗೆದು, ಗಾಜಿನ ಸ್ಲೈಡಿಗೆ ಹಚ್ಚಿ ಲ್ಯಾಬಿಗೆ ಕಳಿಸಿದರು. ಮುಕ್ಕಾಲು ಗಂಟೆ ನಾವು ಬೆಂಚಿನ ಮೇಲೆ ಕೂತಿದ್ದೆವು. ಅವರು ನನ್ನ ಜೊತೆ ಮಾತಾಡಲಿಲ್ಲ. ಕೋಪವೋ ನಾಚಿಕೆಯೋ, ಕೇಳುವ ಧೈರ್ಯ ನನಗಿರಲಿಲ್ಲ.

"ಫಂಗಸ್" ಎಂದರು ಡಾಕ್ಟರ್. ಬೂಷ್ಟು.

ಕಣ್ಣಲ್ಲಿ ಬೂಷ್ಟು ಬೆಳೆಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನನ್ನ ರಸದಿಂದ ಬಂತಾ ಮೇಡಂ?"

"ಗೊತ್ತಿಲ್ಲಮ್ಮ. ಹಸಿ ಕಡ್ಡಿ ಹೊಡೆದ್ರೆ ಅದರಿಂದಾನೇ ಬರುತ್ತೆ. ರಸದಿಂದಾನೂ ಬರಬಹುದು, ಅದು ಎಷ್ಟು ತೊಳೆದ್ರೂ ಶುದ್ಧ ಆಗಿರಲ್ಲ. ಯಾವುದು ಅಂತ ನಾನು ಹೇಳೋಕಾಗಲ್ಲ. ಆದ್ರೆ ಐದು ದಿನ ಕಳ್ಕೊಂಡ್ರಿ. ಅದು ಮಾತ್ರ ಹೇಳ್ತೀನಿ."

ಅಡ್ಮಿಟ್ ಮಾಡಿಕೊಂಡರು. ಗಂಟೆಗೊಂದು ಸಲ ಡ್ರಾಪ್ಸ್. ಮೊದಲ ದಿನ ನರ್ಸ್ ಹಾಕಿದರು, ಆಮೇಲೆ ನನಗೆ ಕಲಿಸಿದರು. ಸೋಪಿನಿಂದ ಕೈ ತೊಳೆಯಬೇಕು. ಕೆಳರೆಪ್ಪೆ ಮೆಲ್ಲಗೆ ಎಳೆಯಬೇಕು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಎಷ್ಟು ಜನರ ಕಣ್ಣಿಗೆ ಹನಿ ಹಾಕಿದ ಕೈ ನನ್ನದು. ಆ ದಿನ ಮೊದಲ ಹನಿ ಕೆನ್ನೆಗೆ ಬಿತ್ತು.

"ನರ್ಸ್‌ನ ಕರೀತೀನಿ ಇರಿ."

"ಬೇಡ, ನೀನೇ ಹಾಕು" ಎಂದರು. ಬೆಂಚಿನ ಮೇಲೆ ಕೂತ ಹೊತ್ತಿನಿಂದ ಅವರು ನನ್ನೊಡನೆ ಆಡಿದ ಮೊದಲ ಮಾತು. ತಲೆ ಹಿಂದಕ್ಕೆ ಒರಗಿಸಿ, ಆ ಬಿಳಿಚಿದ ಕಣ್ಣನ್ನು ಅಗಲವಾಗಿ ತೆರೆದರು. ಸ್ವಲ್ಪವೂ ಹಿಂಜರಿಯಲಿಲ್ಲ. ನಾನು ಅಳದೆ ಹಾಕಬೇಕಾಗಿತ್ತು, ಹಾಕಿದೆ.

ನಾಲ್ಕನೇ ದಿನ ಡಾಕ್ಟರ್ ನನ್ನನ್ನು ಹೊರಗೆ ಕರೆದರು. ಹುಣ್ಣು ಹರಡುವುದು ನಿಂತಿದೆ, ಆದರೆ ನಡುವೆ ಪದರ ತುಂಬಾ ತೆಳುವಾಗಿದೆ. ತೂತು ಬಿದ್ದರೆ ಕಣ್ಣು ಉಳಿಸುವುದು ಕಷ್ಟ. ಕೆಮ್ಮಬಾರದು, ಸೀನಬಾರದು, ತಿಣುಕಬಾರದು, ಬಗ್ಗಬಾರದು, ಉಜ್ಜಬಾರದು.

ಅಲ್ಲಿಂದ ನಾಲ್ಕು ದಿನ ನಾನು ಅವರ ಮೂಗನ್ನೇ ನೋಡುತ್ತಾ ಕೂತೆ. ಸೀನು ಬರುವ ಮುಂಚೆ ಅವರ ಮೂಗಿನ ಹೊಳ್ಳೆ ಅರಳುತ್ತದೆ ಎಂಬುದು ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ನಾನು ಗಮನಿಸಿರಲೇ ಇಲ್ಲ. ಪಕ್ಕದ ಬೆಡ್ಡಿನವರು ಒಗ್ಗರಣೆ ಹಾಕಿದ ಸಾರಿನ ಡಬ್ಬಿ ತೆಗೆದರೆ ನಾನು ಎದ್ದು ಅಡ್ಡ ನಿಲ್ಲುತ್ತಿದ್ದೆ. ಕಣ್ಣಿನ ಮೇಲೆ ಬಟ್ಟಲಿನಂಥ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ್ದರು. ಅದರ ತೂತುಗಳ ಒಳಗಿಂದ ನೀರು ಇಳಿದರೆ ಕಣ್ಣೀರೋ, ಒಳಗಿನದೇ ಒಡೆದು ಬಂತೋ ಎಂದು ನರ್ಸ್ ಹತ್ತಿರ ಓಡುತ್ತಿದ್ದೆ. ಊರಿಂದ ಕಾವ್ಯ ಫೋನ್ ಮಾಡಿ, ಹುಳು ಹಣ್ಣಾಯಿತು, ಪಕ್ಕದ ಮನೆಯವರ ಜೊತೆ ಸೇರಿ ಗೂಡು ಕಟ್ಟಲು ಚಂದ್ರಂಕಿಗೆ ಬಿಟ್ಟೆ ಎಂದಳು. ಯಜಮಾನರು ನಗಲು ಹೋದರು. ನಾನು ಅದನ್ನೂ ತಡೆದೆ.

ಆ ದಿನಗಳಲ್ಲೇ ಅಮ್ಮ ಬಂದಳು. ಕುರುಡುಮಲೆ ಗಣಪತಿಯ ವಿಭೂತಿ ತಂದಿದ್ದಳು, ಸೆರಗಿನ ಗಂಟಿನಲ್ಲಿ ಯಾವುದೋ ಬೇರು. ನರ್ಸ್ ಮುಚ್ಚಳ ತೆಗೆದಾಗ ಅಳಿಯನ ಕಣ್ಣು ನೋಡಿದಳು. ವರಾಂಡಕ್ಕೆ ಬಂದು ಗೋಡೆ ಹಿಡಿದು ಕೂತಳು.

"ನಾ ಚೆಯ್ಯಿ ಮಂಚಿದೇ ಗದಾ, ರತ್ನಾ?"

ತನ್ನ ಕೈಗುಣ ಒಳ್ಳೆಯದೇ ಅಲ್ಲವಾ ಎಂದು ಕೇಳುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸಿಗೆ ಏನು ಹೇಳಲಿ? ಹೌದಮ್ಮ ಎಂದೆ. ಆದರೆ ಅಂದಿನಿಂದ ನನ್ನ ತಲೆಯೊಳಗೆ ಬೇರೆ ಒಂದು ಯೋಚನೆ ಹೊಕ್ಕಿತು. ನಮ್ಮ ಹತ್ತಿರ ಬಂದವರಲ್ಲಿ ಬಹಳ ಜನ ತಾವಾಗಿಯೇ ನಾಲ್ಕು ದಿನಕ್ಕೆ ಸರಿಹೋಗುವಂಥ ಕಣ್ಣಿನವರು. ಸರಿಹೋದವರು ತೆಂಗಿನಕಾಯಿ, ಬಾಳೆಹಣ್ಣು ತಂದು ಹೇಳಿಹೋಗುತ್ತಿದ್ದರು. ಮತ್ತೆ ಬಾರದವರ ಕಥೆ ಏನು? ಅವರನ್ನೆಲ್ಲ ವಾಸಿಯಾದವರು ಎಂದೇ ನಾನೂ ಅಮ್ಮನೂ ಎಣಿಸಿಕೊಂಡು ಬಂದಿದ್ದೆವು.

ಅದರಲ್ಲಿ ಒಬ್ಬಳ ಮುಖ ನೆನಪಾಗಿ ನಿಂತಿತು. ಜಯಮ್ಮ. ನಮ್ಮೂರ ಹೆಣ್ಣು, ಮಾಲೂರು ತಾಲ್ಲೂಕಿನ ಲಕ್ಕೂರಿಗೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ತವರಿಗೆ ಬಂದಾಗ ರಾಗಿ ತೆನೆ ಬಡಿಯುವಾಗ ಏನೋ ಕಣ್ಣಿಗೆ ಹೊಡೆಯಿತು ಎಂದು ಬಂದಿದ್ದಳು. ಮೂರು ದಿನ ಹಾಕಿದ್ದೆ. ಆಮೇಲೆ ಅವಳು ಬರಲಿಲ್ಲ.

ಯಜಮಾನರ ಕಣ್ಣು ತೂತಾಗಲಿಲ್ಲ. ಹದಿನೆಂಟನೇ ದಿನ ಮನೆಗೆ ಕಳಿಸಿದರು. ಹುಣ್ಣು ಮಾಗಿದ ಜಾಗದಲ್ಲಿ ಹಾಲಿನ ಕೆನೆಯಂಥ ಕಲೆ ಉಳಿಯಿತು. ಆ ಕಣ್ಣಿಗೆ ಬೆಳಕು ತಿಳಿಯುತ್ತದೆ, ಆಡುವ ಕೈ ತಿಳಿಯುತ್ತದೆ. ಯಾರ ಕೈ ಎಂದು ತಿಳಿಯುವುದಿಲ್ಲ. ಊಟಕ್ಕೆ ಏನೇನು ಕೊಡಲಿ ಎಂದು ಡಾಕ್ಟರನ್ನು ಕೇಳಿದೆ. "ಹೊನಗೊನ್ನೆ ಸೊಪ್ಪು, ನುಗ್ಗೆ ಸೊಪ್ಪು, ಕ್ಯಾರೆಟ್, ಎಲ್ಲಾ ತಿನ್ನಿಸಿ. ತಟ್ಟೆಗೆ ಹಾಕಿ, ಕಣ್ಣಿಗೆ ಬೇಡ" ಎಂದರು. ಆಕೆ ನಕ್ಕಿದ್ದು ಅದೊಂದೇ ಸಲ.

ಮನೆಗೆ ಬಂದ ವಾರವೇ ಲಕ್ಕೂರಿಗೆ ಹೋದೆ. "ಯಾಕ್ ಹೋಗ್ತೀಯ, ಹೋದ್ರೆ ಬೈಸ್ಕೊಂಡು ಬರ್ತೀಯ" ಎಂದರು ಯಜಮಾನರು. ಬಸ್ಸಿನಲ್ಲಿ ಮಾಲೂರು ದಾಟುವವರೆಗೂ, ಅವಳ ಕಣ್ಣು ಚೆನ್ನಾಗಿರುತ್ತದೆ, ಸುಮ್ಮನೆ ಹೆದರಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದೆ.

ಜಯಮ್ಮ ಬಾಗಿಲು ತೆರೆದಳು. ಬಲಗಣ್ಣು ಪೂರ್ತಿ ಬಿಳಿ.

"ಅಕ್ಕ, ನೀವಾ? ಬನ್ನಿ ಬನ್ನಿ" ಎಂದು ಒಳಗೆ ಕರೆದು ಕಾಫಿಗಿಟ್ಟಳು. ನಾನು ಕೂರಲಿಲ್ಲ. ನಿಂತೇ ಕೇಳಿದೆ, ಏನಾಯಿತು ಎಂದು.

"ನೀವು ಹಾಕಿದ್ ಮೇಲೆ ಉರಿ ಕಮ್ಮಿ ಆಯ್ತಕ್ಕ. ವಾಸಿ ಆಗ್ತಾ ಐತೆ ಅಂದ್ಕೊಂಡು ಇಲ್ಲಿ ಬಂದ್ಮೇಲೂ ಎರಡು ವಾರ ಸುಮ್ನಿದ್ದೆ. ಆಮೇಲೆ ಆಸ್ಪತ್ರೆಗೆ ಹೋದ್ರೆ, ಲೇಟಾಯ್ತು ಅಂದ್ರು." ಹಾಲು ಉಕ್ಕಿತು, ಒಲೆ ಆರಿಸಿದಳು. "ನೀವೇನ್ ಮಾಡ್ತೀರ ಬಿಡಿ. ನನ್ ಹಣೆಬರ."

ಬೈಸಿಕೊಂಡೇ ಬರುತ್ತೇನೆ ಎಂದು ಹೋದವಳು ನಾನು. ಅವಳು ಬೈಯಲಿಲ್ಲ, ಕಾಫಿ ಕೊಟ್ಟಳು. ಆ ಲೋಟ ಹಿಡಿದು ನಮ್ಮ ಮನೆಯಲ್ಲಾದದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವಳು ಸೆರಗಿನ ತುದಿಯಿಂದ ಆ ಬಿಳಿ ಕಣ್ಣನ್ನು ಒರೆಸಿಕೊಂಡಳು. ಆಮೇಲೆ, "ಅಂಗಾದ್ರೆ ಇನ್ಮೇಲೆ ಯಾರಿಗೂ ಹಾಕ್ಬೇಡಿ ಅಕ್ಕ" ಎಂದಳು. ಅಷ್ಟೇ.

ಯಾರಿಗೂ ಹಾಕುತ್ತಿಲ್ಲ. ಊರಲ್ಲಿ ಕೆಲವರಿಗೆ ಕೋಪ ಬಂದಿದೆ. ಟೀಚರಮ್ಮನಿಗೆ ಜಂಬ ಬಂತು ಅನ್ನುತ್ತಾರೆ. ಅಮ್ಮ ಈಗ ಫೋನಿನಲ್ಲಿ ಔಷಧಿಯ ಮಾತೆತ್ತುವುದಿಲ್ಲ. ಅವಳು ತನ್ನ ಊರಲ್ಲಿ ಹಾಕುವುದನ್ನು ಬಿಟ್ಟಿದ್ದಾಳೋ ಇಲ್ಲವೋ, ನನಗೆ ಖಾತ್ರಿಯಿಲ್ಲ.

ಮುಂದಿನ ಚೆಕಪ್ಪಿಗೆ ಜಯಮ್ಮನನ್ನೂ ಕೋಲಾರಕ್ಕೆ ಕರೆಸಿಕೊಂಡೆ. ಅವಳಿಗೆ ಬರಲು ಮನಸ್ಸಿರಲಿಲ್ಲ. ಯಜಮಾನರೇ ಫೋನ್ ಮಾಡಿ, "ನಂಗೂ ಒಂದೇ ಕಣ್ಣು, ನಿಂಗೂ ಒಂದೇ ಕಣ್ಣು, ಜೊತೆಗೆ ಹೋಗಣ ಬಾಮ್ಮ" ಎಂದರು. ಡಾಕ್ಟರ್ ಮೊದಲು ಇವರ ಕಣ್ಣು ನೋಡಿ, ಇನ್ನೂ ಆರು ತಿಂಗಳು ಶಾಂತವಾಗಿದ್ದರೆ ಕರಿಗುಡ್ಡೆ ಬದಲಾಯಿಸುವ ಆಪರೇಷನ್ ಯೋಚನೆ ಮಾಡಬಹುದು ಎಂದರು. ಆಮೇಲೆ ಜಯಮ್ಮನನ್ನು ಕೂರಿಸಿ, ಎಡಗಣ್ಣು ಮುಚ್ಚಿಸಿ, ಕೋಣೆಯ ದೀಪ ಆರಿಸಿದರು.

"ಏನೂ ಕಾಣಲ್ಲ ಮೇಡಂ. ಎರಡು ವರ್ಷ ಆಯ್ತು."

"ಪರವಾಗಿಲ್ಲ. ಬೆಳಕು ಯಾವ ಕಡೆಯಿಂದ ಬರ್ತಾ ಇದೆ, ಕೈ ತೋರಿಸಿ."

ಡಾಕ್ಟರ್ ಟಾರ್ಚನ್ನು ಬಲಕ್ಕೆ ಹಿಡಿದರು. ಜಯಮ್ಮ ಕದಲಲಿಲ್ಲ. ಅವಳ ಬೆರಳು ಮಡಿಲಿನಿಂದ ಮೆಲ್ಲಗೆ ಎದ್ದು ಬಲಕ್ಕೆ ತಿರುಗಿತು. ಟಾರ್ಚು ಮೇಲಕ್ಕೆ ಹೋಯಿತು, ಬೆರಳೂ ಮೇಲಕ್ಕೆ. ಕೆಳಕ್ಕೆ, ಎಡಕ್ಕೆ. ಒಂದೂ ತಪ್ಪಲಿಲ್ಲ.

ದೀಪ ಹಾಕಿ ಡಾಕ್ಟರ್ ಹೇಳಿದರು, ಕಣ್ಣಿನ ಹಿಂಭಾಗ ಇನ್ನೂ ಕೆಲಸ ಮಾಡುತ್ತಿರುವ ಹಾಗಿದೆ, ಸ್ಕ್ಯಾನ್ ಮಾಡಿ ನೋಡಬೇಕು, ಯಾರಾದರೂ ದಾನ ಕೊಟ್ಟ ಕಣ್ಣು ಸಿಕ್ಕರೆ ಪ್ರಯತ್ನಿಸಬಹುದು. ಖಾತ್ರಿ ಕೊಡುವುದಿಲ್ಲ ಎಂದು.

ಸ್ಕ್ಯಾನ್ ಮುಗಿಸಿ ಕೌಂಟರಿನಲ್ಲಿ ಅವಳ ಹೆಸರು ಬರೆಸಿದೆವು. ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಹೊರಗೆ ಬಿಸಿಲಿತ್ತು. ಮೆಟ್ಟಿಲಿಳಿಯುವಾಗ ಯಜಮಾನರು ಎಡಕ್ಕೂ ಜಯಮ್ಮ ಬಲಕ್ಕೂ ತಡವರಿಸಿದರು. ನಾನು ನಡುವೆ ನಿಂತು ಇಬ್ಬರ ಕೈಯನ್ನೂ ಹಿಡಿದುಕೊಂಡೆ.