ಉಡಿಯೊಳಗಿನ ರಿಪೋರ್ಟು

ಹೋದ ವಾರ ಹಿಮಾಯತ್‌ನಗರದಲ್ಲಿ ನಮ್ಮ ಕಡೆಯವರೊಬ್ಬರ ಮನೆಗೆ ಹೋಗಿದ್ದೆ. ಹೊರಡುವಾಗ ಆ ಮನೆಯಾಕೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಮೇಲೊಂದು ಹೊಸ ರವಿಕೆ ಖಣ. ಮನೆಗೆ ಬಂದು ಚೀಲ ಬಿಚ್ಚಿದಾಗ ಒಣಕೊಬ್ಬರಿಯ ವಾಸನೆಯೂ ಹೊಸ ಬಟ್ಟೆಯ ಗಂಜಿಯ ವಾಸನೆಯೂ ಕೂಡಿ ಮೂಗಿಗೆ ಬಡಿದವು. ಚೀಲದ ಬಾಯಿ ಮತ್ತೆ ಕಟ್ಟಿ ಮೂಲೆಗಿಟ್ಟೆ. ಉಡಿ ಎಂದರೆ ನನಗೆ ಈಗಲೂ ಆಗುವುದಿಲ್ಲ. ಬೇಡವೆಂದರೆ ಮಂದಿ ಏನೆಂದುಕೊಂಡಾರೋ ಎಂದು ಸೆರಗು ಒಡ್ಡುತ್ತೇನೆ, ಅಷ್ಟೇ.

ಮಲ್ಕಾಜ್‌ಗಿರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಪಾಲಿನಲ್ಲಿ ಒಬ್ಬರು ಇದ್ದರು, ನಮ್ಮ ಕಡೆ ಅತ್ತಿಗೆಗೆ ಅನ್ನುವಂತೆ ಅವರನ್ನು ವೈನಿ ಎನ್ನುತ್ತಿದ್ದೆ. ಗಂಡ ರೈಲ್ವೆಯಲ್ಲಿ, ತವರು ಯಾದಗಿರಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಇಡೀ ದಿನ ತೆಲುಗು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದ್ದಾಗ, "ಚಾ ಆತೇನ ತಂಗಿ?" ಎಂದು ಮೆಟ್ಟಿಲ ಕೆಳಗಿನಿಂದ ಕೇಳಿದವರು ಅವರು. ರೊಟ್ಟಿ ಬಡಿಯುವಾಗ ನನ್ನ ಹೆಸರಿನಲ್ಲೂ ಎರಡು ಬಡಿಯುತ್ತಿದ್ದರು. ಮೊದಲೆರಡು ಬಸಿರು ಅವರಿಗೆ ನಿಂತಿರಲಿಲ್ಲ. ಆಗ ಮೂರನೆಯದಕ್ಕೆ ಏಳನೇ ತಿಂಗಳು ನಡೆದಿತ್ತು. ಮಾತಾಡುವಾಗಲೂ ಒಂದು ಕೈ ಹೊಟ್ಟೆಯ ಮೇಲೇ ಇರುತ್ತಿತ್ತು...

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು.

"ಹೆಂಗ ಹೇಳ್ಲಿ ತಂಗಿ... ಕೆಳಗ ಭಾಳ ಉರಿಯಾಕತ್ತೈತಿ. ಬಿಳಿ ಹೋಗತೈತಿ, ವಾಸನಿ ಬ್ಯಾರೆ. ಇವರ ಮುಂದ ಹೇಳಾಕ ನಾಚಿಕಿ ಆಗತೈತಿ."

ನಾನಾಗ ಒಂದು ಸಣ್ಣ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಬಿಳಿ ಕೋಟು ಹಾಕಿಕೊಳ್ಳಲು ಶುರುಮಾಡಿ ಎರಡು ವರ್ಷವಾಗಿತ್ತು, ಸೊಕ್ಕು ಇನ್ನೂ ಇಳಿದಿರಲಿಲ್ಲ. "ಬ್ಯಾನಿ ಅಂದ ಮ್ಯಾಲೆ ನಾಚಿಕಿ ಯಾಕ್ರಿ ವೈನಿ? ಮೂಗು ಸೋರಿದ್ರ ಹೇಳ್ತೀರಿಲ್ಲೋ?" ಎಂದು ದೊಡ್ಡದಾಗಿ ಭಾಷಣ ಬಿಗಿದೆ. ಬಸುರಿಯರಿಗೆ ಇಂಥ ಸೋಂಕು ಆಗುವುದುಂಟು, ಬಿಟ್ಟರೆ ದಿನ ತುಂಬುವ ಮೊದಲೇ ನೀರು ಒಡೆಯಬಹುದು ಎಂದು ಹೆದರಿಸಿಯೂ ಬಿಟ್ಟೆ. ಮರುದಿನವೇ ಕರೆದುಕೊಂಡು ಹೋದೆ.

ಡಾಕ್ಟರಮ್ಮ ತೆಲುಗಿನಲ್ಲಿ, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ವೈನಿಗೆ ತರಕಾರಿ ಕೊಳ್ಳುವಷ್ಟು ತೆಲುಗು ಬರುತ್ತಿತ್ತು, ಇದಕ್ಕೆ ಸಾಲದು. ನಾನೇ ಎಲ್ಲ ಹೇಳಿದೆ. ಅವರು ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಸ್ರಾವ ತೆಗೆದು ಲ್ಯಾಬಿಗೆ ಕಳಿಸಿ, ಸದ್ಯಕ್ಕೆಂದು ಒಂದು ಮಾತ್ರೆ ಬರೆದುಕೊಟ್ಟರು. ಯಾವ ಔಷಧಿಗೆ ಈ ರೋಗಾಣು ಬಗ್ಗುತ್ತದೆ ಎಂದು ತಿಳಿಯಲು ಮೂರು ದಿನ ಬೇಕು. ತಟ್ಟೆಯಲ್ಲಿ ರೋಗಾಣು ಬೆಳೆಸಿ, ಒಂದೊಂದು ಔಷಧಿಯ ಸಣ್ಣ ಬಿಲ್ಲೆ ಇಡುತ್ತೇವೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಬಯಲಾಗುತ್ತದೆ.

ಭಾನುವಾರ ಬೆಳಿಗ್ಗೆ ತಟ್ಟೆ ತೆಗೆದು ನೋಡಿದೆ. ವೈನಿ ನುಂಗುತ್ತಿದ್ದ ಮಾತ್ರೆಯ ಬಿಲ್ಲೆಗೆ ರೋಗಾಣು ಒತ್ತಿಕೊಂಡೇ ಬೆಳೆದಿತ್ತು. ಅಂದರೆ ಮೂರು ದಿನ ನುಂಗಿದ್ದೆಲ್ಲ ದಂಡ. ಡಾಕ್ಟರಮ್ಮನಿಗೆ ತೋರಿಸಿ, ಬಸುರಿಯರಿಗೆ ನಡೆಯುವಂಥ ಬೇರೆ ಮಾತ್ರೆ ಬರೆಸಿಕೊಂಡೆ. "ಇವತ್ತೇ ಶುರುಮಾಡಲಿ" ಎಂದರು ಅವರು. ರಿಪೋರ್ಟು, ಚೀಟಿ ಎರಡನ್ನೂ ಒಂದು ಲಕೋಟೆಯಲ್ಲಿ ಹಾಕಿಕೊಂಡು ಮನೆಗೆ ಓಡಿದೆ.

ಅವತ್ತೇ ವೈನಿಯ ಕುಬಸ, ಏಳನೇ ತಿಂಗಳ ಸೀಮಂತ. ಮೂರು ದಿನ ಮೊದಲೇ ನನಗದು ಗೊತ್ತಿತ್ತು, ಆದರೂ ಆ ಗದ್ದಲ ನೋಡಿ ದಿಕ್ಕು ತೋಚಲಿಲ್ಲ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಸುತ್ತ ಹೆಂಗಸರು, ಬಾಗಿಲಲ್ಲಿ ಗಂಡಸರು. ಈ ಲಕೋಟೆಯನ್ನು ಹೇಗೆ ಕೈಯಲ್ಲಿಡುವುದು? ಏನದು ಎಂದು ಯಾರಾದರೂ ಕೇಳಿದರೆ? ಉಡಿ ತುಂಬುವ ನನ್ನ ಸರದಿ ಬಂದಾಗ, ಅಕ್ಕಿಯ ಮೇಲೆ ಖಣ, ಖಣದ ಕೆಳಗೆ ಲಕೋಟೆ ಸರಿಸಿದೆ. ಕಣ್ಣಲ್ಲೇ ಸನ್ನೆ ಮಾಡಿದೆ. ವೈನಿ ನಕ್ಕು ತಲೆಯಾಡಿಸಿದರು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಸಂಜೆಯ ಗಾಡಿಗೆ ಅವರ ತಾಯಿ ಅವರನ್ನು ತವರಿಗೆ ಕರೆದುಕೊಂಡು ಹೋದರು.

ಮಂಗಳವಾರ ಮನಸ್ಸು ತಡೆಯದೆ ಫೋನ್ ಮಾಡಿದೆ. ಅವರ ತಾಯಿ ಎತ್ತಿದರು.

"ಈಗರ ಮಕ್ಕೊಂಡಾಳವ್ವ. ಎಬ್ಬಿಸ್ಲೇನು?"

ಹಿಂದೆ ಗಂಡಸರ ಮಾತು ಕೇಳುತ್ತಿತ್ತು. ಎಬ್ಬಿಸಿರಿ ಎಂದರೆ ಯಾಕೆ ಎನ್ನುತ್ತಾರೆ. ಲಕೋಟೆ ನೋಡಿದಿರಾ ಎಂದರೆ ಅದರಲ್ಲಿ ಏನಿತ್ತು ಎನ್ನುತ್ತಾರೆ. "ಬ್ಯಾಡ್ರಿ, ಮಲಗ್ಲಿ. ಆರಾಮ ಅದಾರಿಲ್ರಿ?" ಎಂದೆ. ಆರಾಮ ಅದಾಳ ಎಂದರು. ಫೋನ್ ಇಟ್ಟೆ. ಮೂಗು ಸೋರಿದ ಮಾತು ಹೇಳಿದ ನಾನೇ.

ಗುರುವಾರ ಬೆಳಗಿನ ಜಾವ ನೀರು ಒಡೆಯಿತು. ಹೆಣ್ಣುಮಗು ಎರಡು ದಿನ ಬದುಕಿತ್ತು.

ಅವರ ಮನೆಯಲ್ಲಿ ಕುಬಸದ ಉಡಿಯನ್ನು ತವರಿನ ದೇವರ ಮುಂದಿಟ್ಟು ಶುಕ್ರವಾರವೇ ಬಿಚ್ಚುವ ಪದ್ಧತಿಯಂತೆ. ನನಗೆ ಅದು ಗೊತ್ತಿರಲಿಲ್ಲ. ಮಗಳು ಆಸ್ಪತ್ರೆಯಲ್ಲಿದ್ದಾಗಲೂ ಆ ತಾಯಿ ದೇವರಿಗೆ ತಪ್ಪಬಾರದೆಂದು ಮನೆಗೆ ಬಂದು ಗಂಟು ಬಿಚ್ಚಿದ್ದಾರೆ. ಲಕೋಟೆ ಸಿಕ್ಕಿದ್ದು ಆಗಲೇ...

ಎರಡು ತಿಂಗಳಾದ ಮೇಲೆ ವೈನಿ ಬಂದರು. ಗಂಡ ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದರು, ಮನೆ ಖಾಲಿ ಮಾಡುವುದಿತ್ತು. ಪಾತ್ರೆಗಳನ್ನು ಚೀಲಕ್ಕೆ ತುಂಬಲು ನಾನೂ ಕೂತೆ. ಅವರು ಬಹಳ ಇಳಿದಿದ್ದರು. ಕೈ ಈಗ ಹೊಟ್ಟೆಯ ಮೇಲೆ ಇರಲಿಲ್ಲ, ಅದನ್ನು ನೋಡಿ ನನಗೆ ಅಳು ಬಂತು.

"ಆ ಲಕೋಟಿ ಆಹೇರಿ ರೊಕ್ಕ ಅಂತ ತಿಳಕೊಂಡ್ನಿ ತಂಗಿ," ಎಂದರು. "ಎಲ್ಲಾರೂ ಇಟ್ಟಂಗ ನೀನೂ ಇಟ್ಟಿ ಅಂತ."

ನಾನು ಇನ್ನೊಂದು ಪಾತ್ರೆ ಚೀಲಕ್ಕಿಳಿಸಿದೆ.

"ನೀ ಫೋನ್ ಮಾಡಿದ್ದಂತ, ಅವ್ವ ಹೇಳಿದ್ಲು. ಏನರ ಹೇಳಾಕ ಮಾಡಿದ್ದೇನು?"

"ಇಲ್ರಿ ವೈನಿ. ಸುಮ್ಮನ, ಆರಾಮ ಅದೀರೇನು ಕೇಳಾಕ."

"ನಾನೂ ಹಂಗ ಅಂದ್ನಿ. ಹೇಳೂದಿದ್ರ ನೀ ಬಿಡಾಕಿ ಅಲ್ಲ."

ಅಷ್ಟು ಹೇಳಿ ಅವರು ನನ್ನ ಬೆನ್ನು ಸವರಿದರು. ಮಗು ಕಳೆದುಕೊಂಡವರು ನನ್ನನ್ನು ಸಮಾಧಾನ ಮಾಡುತ್ತಿದ್ದರು, ನಾನು ಮಾಡಿಸಿಕೊಳ್ಳುತ್ತಿದ್ದೆ. ಆ ಸೋಂಕಿನಿಂದಲೇ ಹಾಗಾಯಿತೆಂದು ಖಂಡಿತವಾಗಿ ಹೇಳಲಾಗದು ಎಂದು ಡಾಕ್ಟರಮ್ಮ ಎಷ್ಟೋ ಸಲ ಹೇಳಿದ್ದಾರೆ. ನಿಜವಿರಬಹುದು. ನಾಲ್ಕು ದಿನ ಸರಿಯಾದ ಮಾತ್ರೆ ನುಂಗಿದ್ದರೆ ಏನಾಗುತ್ತಿತ್ತೋ ಅದನ್ನೂ ಯಾರೂ ಹೇಳಲಾರರು.

ಈಗ ನಾನು ಬೇಗಂಪೇಟೆಯ ಬೇರೊಂದು ಲ್ಯಾಬಿನಲ್ಲಿ ಹಿರಿಯಳು. ಬಸುರಿಯರ ರಿಪೋರ್ಟಿನಲ್ಲಿ ಔಷಧಿ ನಾಟದ್ದು ಕಂಡರೆ ಡಾಕ್ಟರಿಗೆ ತಿಳಿಸಿ, ಅವರ ಮನೆಗೂ ನಾನೇ ಫೋನ್ ಮಾಡುತ್ತೇನೆ. ಅತ್ತೆಯೋ ಗಂಡನೋ ಎತ್ತಿ, ಮಲಗಿದ್ದಾಳೆ ಎನ್ನುತ್ತಾರೆ. ಎಬ್ಬಿಸಿ, ಅವರ ಹತ್ತಿರವೇ ಮಾತಾಡಬೇಕು ಎನ್ನುತ್ತೇನೆ. ಬೈಸಿಕೊಂಡಿದ್ದೂ ಇದೆ. ಲ್ಯಾಬಿನ ಹುಡುಗಿಯರು, ಮೇಡಂಗೆ ಎಷ್ಟು ಧೈರ್ಯ ಎಂದು ಮಾತಾಡಿಕೊಳ್ಳುತ್ತಾರೆ.

ವೈನಿಗೆ ಆಮೇಲೆ ಮಕ್ಕಳಾಗಲಿಲ್ಲವೆಂದು ಕೇಳಿದ್ದೇನೆ. ಅವರ ನಂಬರು ನನ್ನ ಹತ್ತಿರ ಇದೆ. ಅವತ್ತು ಯಾಕೆ ಫೋನ್ ಮಾಡಿದ್ದೆ ಎಂದು ಅವರಿಗೆ ಇನ್ನೂ ಹೇಳಿಲ್ಲ.