ಹಲಸಿನ ಪೆಟ್ಟಿಗೆಯ ಚೆಲುವಯ್ಯ

ಕೆಟ್ಟ ಮೋಟರನ್ನು ಬಿಚ್ಚುವ ಮೊದಲು ಚೆಲುವಯ್ಯ ಅದರ ಸದ್ದು ಕೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಪಂಪ್‌ಸೆಟ್ಟಿನ ಮೈಗೆ ಒತ್ತಿ, ಹಿಡಿಯನ್ನು ಬಲಗಿವಿಗೆ ಆನಿಸಿ, ಕಣ್ಣು ಮುಚ್ಚಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಸುತ್ತ ನಿಂತ ರೈತರು ಮಾತು ನಿಲ್ಲಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಬೇರಿಂಗ್ ಓಗ್ಬುಟ್ಟದೆ. ವೈಂಡಿಂಗ್ ಚೆನ್ನಾಗದೆ, ಅದ್ನ ಮುಟ್‌ಬ್ಯಾಡಿ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಸರಿ. ಕೃಷ್ಣರಾಜಪೇಟೆಯ ಹೈಸ್ಕೂಲಿನಲ್ಲಿ ನಾನು ಅವನ ಪಕ್ಕದಲ್ಲೇ ಕೂತವನು. ಒಂದು ಸಲವಾದರೂ ಅವನು ತಪ್ಪುವುದನ್ನು ನೋಡಬೇಕೆಂದು ಅವನ ಅಂಗಡಿಯ ಮುಂದೆ ಎಷ್ಟೋ ಮಧ್ಯಾಹ್ನ ನಿಂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಅವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅವನಿಲ್ಲದ ಈ ದಿನಗಳಲ್ಲೂ ಅದು ಪೂರ್ತಿ ಆರಿಲ್ಲ.

ಯಾರಾದರೂ ಹೊಟ್ಟೆಕಿಚ್ಚು ಪಡಬೇಕಿದ್ದರೆ ಅವನು ಪಡಬೇಕಾಗಿತ್ತು. ಅವನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮೋಟರ್ ವೈಂಡಿಂಗ್ ಕಲಿತ. ನಾನು ಬೆಂಗಳೂರಿಗೆ ಹೋಗಿ ಕ್ಯಾಮರಾ ಕಲಿತೆ, ಸಿನಿಮಾಗಳಲ್ಲಿ ಸಹಾಯಕನಾಗಿ ದುಡಿದೆ. ರಜೆಗೆ ಊರಿಗೆ ಬಂದಾಗ ಚೆಲುವಯ್ಯ ಎಣ್ಣೆ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದ. "ನೋಡ್ರಪ್ಪಾ, ನಮ್ ರಾಮ್‌ಕಿಷ್ಣ. ಸಿನ್ಮಾ ತಗಿಯೋನು." ಆ ಹೆಮ್ಮೆಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಅದೇ ನನಗೆ ಸಹಿಸಲಾಗುತ್ತಿರಲಿಲ್ಲವೋ ಏನೋ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಮೈಸೂರಿನ ಸುಧಾ ಎಂಬುವರು ನನ್ನನ್ನು ಹುಡುಕಿಕೊಂಡು ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು, ಕೆಲಸ ಬಿಟ್ಟು ಸ್ವಂತ ಸ್ಟುಡಿಯೋ ಕಟ್ಟಲು ಹೊರಟಿದ್ದರು. ಅವರಿಗೆ ಬೇಕಾಗಿದ್ದದ್ದು ಮಾಮೂಲಿ ಸಾಕ್ಷ್ಯಚಿತ್ರವಲ್ಲ. ನಾಲ್ಕಂತಸ್ತಿನ ಮನೆಯಷ್ಟು ಎತ್ತರದ ಪರದೆಯ ಮೇಲೆ, ನೋಡುವವರ ಕಾಲಡಿಯಲ್ಲೇ ನೀರು ಹರಿದಂತೆ ಕಾಣುವ ಚಿತ್ರ. ಅಂಥ ಪರದೆಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟಿದ್ದವು. ಅಲ್ಲಿ ತೋರಿಸುವುದೆಲ್ಲ ಹೊರದೇಶದ ಕಾಡು, ಹೊರದೇಶದ ಸಮುದ್ರ. "ನಮ್ಮ ಕಾವೇರಿ, ಹೇಮಾವತಿ ಯಾಕಿರಬಾರದು, ರಾಮಕೃಷ್ಣ ಅವರೇ?" ಎಂದು ಸುಧಾ ಕೇಳಿದರು. ಆ ಪ್ರಶ್ನೆಗೇ ನಾನು ಬೆಂಗಳೂರು ಬಿಟ್ಟೆ.

ಪಾಂಡವಪುರದ ಹೊರಗೆ, ನಿಂತುಹೋಗಿದ್ದ ಒಂದು ಆಲೆಮನೆಯೇ ನಮ್ಮ ಸ್ಟುಡಿಯೋ ಆಯಿತು. ಎಷ್ಟು ತೊಳೆದರೂ ನೆಲದ ಬೆಲ್ಲದ ಅಂಟು ಹೋಗಲಿಲ್ಲ. ಇರುವೆಗಳ ಕಾಟಕ್ಕೆ ಫಿಲ್ಮಿನ ಡಬ್ಬಿಗಳನ್ನು ನೀರು ತುಂಬಿದ ತಟ್ಟೆಗಳ ನಡುವೆ ಇಡುತ್ತಿದ್ದೆವು. ಕ್ಯಾಮರಾ ಹೊರದೇಶದಿಂದ ಬಂದ ಹಳೆಯದು. ಮಾಮೂಲಿ ಫಿಲ್ಮಿಗಿಂತ ಎಷ್ಟೋ ಅಗಲದ ಫಿಲ್ಮು ಅದರೊಳಗೆ ಅಡ್ಡಡ್ಡಲಾಗಿ ಓಡುತ್ತಿತ್ತು. ಒಂದು ಸುರುಳಿ ಹಾಕಿದರೆ ಮೂರೇ ನಿಮಿಷ. ತೆಗೆದದ್ದನ್ನು ತೊಳೆಯಲು ಹೊರದೇಶಕ್ಕೆ ಕಳಿಸಿ, ಏನು ಬಂತೆಂದು ತಿಳಿಯಲು ವಾರಗಟ್ಟಲೆ ಕಾಯಬೇಕು.

ಮೊದಲ ದಿನ ಶ್ರೀರಂಗಪಟ್ಟಣದ ಹತ್ತಿರ ಹೊಳೆಯ ನಡುಗಡ್ಡೆಯೊಂದರ ಎದುರು ಕ್ಯಾಮರಾ ಹೂಡಿದೆವು. ಮರಗಳ ತುಂಬ ಕೊಕ್ಕರೆಗಳು. ನಾನು ಗುಂಡಿ ಒತ್ತಿದ್ದೇ ತಡ, ಅಕ್ಕಿ ಗಿರಣಿ ಶುರುವಾದಂತೆ ಕ್ಯಾಮರಾ ಗರ್ಜಿಸಿತು. ಇಡೀ ನಡುಗಡ್ಡೆಯೇ ರೆಕ್ಕೆ ಬಿಚ್ಚಿಕೊಂಡು ಮೇಲೆದ್ದುಹೋಯಿತು. ಮೂರು ನಿಮಿಷದ ಖಾಲಿ ಮರಗಳು ನಮ್ಮ ಪಾಲಿಗೆ ಉಳಿದವು. ಸುಧಾ ಬಂಡೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಅಳು ನೋಡಲಾಗದೆ ನಾನೇ ಬಾಯಿಬಿಟ್ಟೆ. "ನನ್ನ ಸ್ನೇಹಿತನೊಬ್ಬನಿದ್ದಾನೆ ಮೇಡಂ. ಮೋಟರ್ ರಿಪೇರಿಯವನು. ಕರೆದು ತೋರಿಸೋಣ."

ಚೆಲುವಯ್ಯ ಬಂದ. ಸ್ಕ್ರೂಡ್ರೈವರನ್ನು ಕ್ಯಾಮರಾದ ಮೈಗಿಟ್ಟು ಕಿವಿಗೊಟ್ಟ. "ಇದ್ಕೆ ಕಾಯ್ಲೆ ಏನೂ ಇಲ್ಲ ಕಣ್ಲಾ. ಇದು ಉಟ್ಟಿರಾದೇ ಇಂಗೆ. ಬಾಯಿ ಮುಚ್ಚುಸ್ಬೇಕು ಅಷ್ಟೆ" ಅಂದ. ಎರಡು ವಾರ ಆಲೆಮನೆಯಲ್ಲೇ ಇದ್ದು ಹಲಸಿನ ಹಲಗೆಯ ಪೆಟ್ಟಿಗೆಯೊಂದನ್ನು ಮಾಡಿದ. ಒಳಗೆ ಕುರಿ ಕಂಬಳಿಯ ಎರಡು ಪದರ, ನಡುವೆ ಸೈಕಲ್ ಟ್ಯೂಬಿನ ರಬ್ಬರು, ಮುಂದೆ ಗಾಜು, ಮೇಲೆ ನಾಲ್ಕು ತಿರುಪಿನಿಂದ ಬಿಗಿಯುವ ಮುಚ್ಚಳ. ಕ್ಯಾಮರಾವನ್ನು ಅದರೊಳಗೆ ಕೂರಿಸಿದರೆ ದೂರದ ಮನೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೆ ಅನ್ನಿಸುವಷ್ಟೇ ಸದ್ದು. ಮತ್ತೆ ಅದೇ ನಡುಗಡ್ಡೆಗೆ ಹೋದೆವು. ಒಂದು ಕೊಕ್ಕರೆಯೂ ಕತ್ತೆತ್ತಲಿಲ್ಲ. ಸುಧಾ ನನ್ನತ್ತ ತಿರುಗಿ, "ಇಂಥವರನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ?" ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಏನೋ ಚುರುಕ್ಕೆಂದಿತು.

ಕ್ಯಾಮರಾ ನೋಡಲೆಂದು ಬಂದವನು ಅಂಗಡಿಯನ್ನು ತಮ್ಮನಿಗೆ ಬಿಟ್ಟು ನಮ್ಮಲ್ಲೇ ಉಳಿದ. ಸಾಮಾನು ಹೊರುತ್ತಿದ್ದ, ಜನರೇಟರ್ ನೋಡಿಕೊಳ್ಳುತ್ತಿದ್ದ, ಮುದ್ದೆ ಬಸ್ಸಾರು ಮಾಡಿ ಹಾಕುತ್ತಿದ್ದ. ಯಂತ್ರಕ್ಕೆ ಕಿವಿಗೊಟ್ಟ ಹಾಗೆಯೇ ಹೊಳೆಗೂ ಕಿವಿಗೊಡುತ್ತಾನೆಂದು ಆಮೇಲೆ ತಿಳಿಯಿತು. ಅವನ ಹುಟ್ಟೂರು ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳು. "ಮೇಡಮ್ಮ, ಆ ಪೊದೆತಾವ ಒಸಿ ತಡೀರಿ, ನೀರ್‌ನಾಯಿ ಸಿಳ್ಳೆ ಆಕ್ತಾ ಅವೆ" ಅನ್ನುತ್ತಿದ್ದ. ನಮಗೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೂರು ಒದ್ದೆ ತಲೆಗಳು ನೀರಿನಿಂದ ಮೇಲೇಳುತ್ತಿದ್ದವು.

ಕ್ರಮೇಣ ಸುಧಾ ಬೆಳಿಗ್ಗೆ ಮೊದಲು ಮಾತಾಡಿಸುವುದು ಅವನನ್ನು ಎಂದಾಯಿತು. ಕ್ಯಾಮರಾ ಎಲ್ಲಿಡಬೇಕೆಂದು ಅವನನ್ನು ಕೇಳಿ, ಆಮೇಲೆ ನನಗೆ ಹೇಳುತ್ತಿದ್ದರು. ತೊಳೆದ ಫಿಲ್ಮು ವಾಪಸು ಬಂದು ಆಲೆಮನೆಯ ಗೋಡೆಯ ಮೇಲೆ ಚಿಕ್ಕದಾಗಿ ಓಡಿಸಿ ನೋಡುವಾಗ, ಬೆಳಕು ನನ್ನದು, ಚೌಕಟ್ಟು ನನ್ನದು. ಆದರೂ ಸುಧಾ ಹೇಳಿದ್ದು, "ಇದು ಚೆಲುವಯ್ಯನವರ ಶಾಟ್." ಅವನು ಪಾಪ, ಹಲ್ಲು ಕಿರಿದು, "ಚೆನ್ನಾಗ್ ಬಂದದೆ ಅಲ್ವೇನ್ಲಾ?" ಎಂದು ನನ್ನ ಬೆನ್ನಿಗೆ ಗುದ್ದಿದ. ಮನೆಯಲ್ಲೂ ಅವನೇ. ಒಂದು ಭಾನುವಾರ ಊಟಕ್ಕೆ ಬಂದವನು ಕೆಟ್ಟುಕೂತಿದ್ದ ಮಿಕ್ಸಿ ಸರಿ ಮಾಡಿಕೊಟ್ಟು ಹೋದ. "ರೀ, ನಿಮ್ಮ ಸ್ನೇಹಿತರ ಕೈಗುಣ ನೋಡಿ. ನೀವು ಆರು ತಿಂಗಳಿಂದ ನಾಳೆ ನಾಳೆ ಅಂತಿದ್ರಿ" ಎಂದಳು ನನ್ನ ಹೆಂಡತಿ. ಅವತ್ತು ಮಿಕ್ಸಿಯಲ್ಲಿ ರುಬ್ಬಿದ ಚಟ್ನಿಯನ್ನು ನಾನು ಮುಟ್ಟಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ಅಕ್ಕಿಹೆಬ್ಬಾಳಿನ ಹತ್ತಿರ ಬಂಡೆಗಳ ಸಂದಿಯಲ್ಲಿ ನೀರುನಾಯಿಯೊಂದು ಮರಿ ಹಾಕಿರುವುದನ್ನು ಚೆಲುವಯ್ಯ ಪತ್ತೆ ಮಾಡಿದ. ತಾಯಿ ಮರಿಗಳನ್ನು ಮೊದಲ ಸಲ ನೀರಿಗಿಳಿಸಿ ಈಜು ಕಲಿಸುವುದು ಚಿತ್ರದ ಜೀವ ಎಂದು ಸುಧಾ ನಿರ್ಧರಿಸಿದರು. ದಂಡೆಯ ಮೇಲೆ ಸೋಗೆಯ ಮರೆ ಕಟ್ಟಿಕೊಂಡು ಮೂವರೂ ದಿನಗಟ್ಟಲೆ ಕಾದೆವು. ಕೊನೆಗೊಂದು ಸಂಜೆ ಚೆಲುವಯ್ಯ, "ನಾಳೆ ಇಳುಸ್ತದೆ ಮೇಡಮ್ಮ. ಮರಿ ಕೂಗೋ ವರ್ಸೆ ಬದ್ಲಾಗದೆ" ಅಂದ. ಸುಧಾ ನನ್ನ ಎದುರಿಗೇ, "ನೀವಿಲ್ಲದಿದ್ದರೆ ಈ ಸ್ಟುಡಿಯೋ ಇರುತ್ತಿರಲಿಲ್ಲ ಚೆಲುವಯ್ಯ" ಅಂದರು.

ಮರುದಿನ ಬೆಳಕು ಹರಿಯುವಾಗ ಚೆಲುವಯ್ಯ ಮುಖ ತೊಳೆಯಲು ಹೊಳೆಗಿಳಿದ. ಪೆಟ್ಟಿಗೆಯ ಬಳಿ ನಾನೊಬ್ಬನೇ. ಮುಚ್ಚಳದ ಒಂದು ತಿರುಪನ್ನು ಎರಡು ಸುತ್ತು ಸಡಿಲ ಮಾಡಿದೆ. ಮರಿಗಳ ಶಾಟ್ ಕೆಡಿಸುವ ಉದ್ದೇಶ ನನಗಿರಲಿಲ್ಲ. ದಿನಾ ಶುರು ಮಾಡುವ ಮೊದಲು ಕ್ಯಾಮರಾವನ್ನು ಒಂದು ಕ್ಷಣ ಓಡಿಸಿ ಪರೀಕ್ಷಿಸುತ್ತಿದ್ದೆವು. ಆಗ ಮುಚ್ಚಳ ಕಟಕಟ ಅನ್ನುತ್ತದೆ, ಅವನ ಪೆಟ್ಟಿಗೆಯೂ ಕೆಡುತ್ತದೆಂದು ಸುಧಾಗೆ ತಿಳಿಯುತ್ತದೆ. ಅಷ್ಟು ಸಾಕಾಗಿತ್ತು ನನಗೆ.

ಆದರೆ ಅವತ್ತು ಪರೀಕ್ಷೆಗೆ ಹೊತ್ತೇ ಸಿಗಲಿಲ್ಲ. ನಾವು ಮರೆಯೊಳಗೆ ಕೂತ ಕೂಡಲೇ ತಾಯಿ ಹೊರಗೆ ಬಂತು. ಬಾಯಲ್ಲಿ ಒಂದು ಮರಿ, ಹಿಂದೆ ತಡವರಿಸುತ್ತ ಇನ್ನೆರಡು. ಸುಧಾ ಕೈಯೆತ್ತಿ ಸನ್ನೆ ಮಾಡಿದರು. "ತಡೀರಿ" ಎಂದು ಪಿಸುಗುಟ್ಟಲು, ತಿರುಪಿಗೆ ಎರಡು ಸುತ್ತು ಕೊಡಲು ನನಗೆ ಹೊತ್ತಿತ್ತು. ಆದರೆ ಅದು ಸಡಿಲವಿದೆ ಎಂದು ನನಗೆ ಹೇಗೆ ಗೊತ್ತಾಯಿತೆಂದು ಕೇಳಿದರೆ ಏನು ಹೇಳಲಿ? ಗುಂಡಿ ಒತ್ತಿಬಿಟ್ಟೆ.

ಮುಚ್ಚಳ ಕಲ್ಲಿನ ಮೇಲೆ ತಗಡು ಎಳೆದಂತೆ ಅದುರಿತು. ತಾಯಿ ಬೆಚ್ಚಿ, ಬಾಯಲ್ಲಿದ್ದ ಮರಿಯ ಸಮೇತ ನೀರಿಗೆ ಧುಮುಕಿತು. ಹಿಂದಿದ್ದ ಎರಡು ಮರಿಗಳು ಬಂಡೆಯಿಂದ ಜಾರಿದವು. ಒಂದು ಹೇಗೋ ತಾಯಿಯ ಬೆನ್ನು ಸೇರಿತು. ಇನ್ನೊಂದು ನೀರಿನ ಸೆಳೆತದಲ್ಲಿ ತಿರುಗುತ್ತ ಕಣ್ಮರೆಯಾಯಿತು. ಚೆಲುವಯ್ಯ ಉಟ್ಟ ಬಟ್ಟೆಯಲ್ಲೇ ಹೊಳೆಗೆ ಹಾರಿ ಕೆಳಗಿನ ತಿರುವಿನವರೆಗೂ ಈಜಿದ. ಬರಿಗೈಲಿ ವಾಪಸು ಬಂದ.

"ಪೆಟ್ಟಿಗೆಗೆ ಏನಾಯಿತು?" ಎಂದು ಸುಧಾ ಕೇಳಿದರು. ಚೆಲುವಯ್ಯ ಒದ್ದೆ ಕೈಯಿಂದ ಮುಚ್ಚಳ ತಡವಿದ. ಒಂದೊಂದೇ ತಿರುಪನ್ನು ಮುಟ್ಟುತ್ತ ಹೋಗಿ ಸಡಿಲವಿದ್ದದ್ದರ ಮೇಲೆ ಬೆರಳಿಟ್ಟು ನಿಂತ. ನನ್ನ ಮುಖ ನೋಡಿದ. ನಾನು ಹೊಳೆಯ ಕಡೆ ತಿರುಗಿದೆ.

"ನಂದೇ ತಪ್ಪು ಮೇಡಮ್ಮ" ಅಂದ. "ಬಿಗಿ ಮಾಡಾದ್ ಮರ್ತ್‌ಬುಟ್ಟೆ."

ಸುಧಾ ಅವನಿಗೆ ಒಂದು ಮಾತೂ ಆಡಲಿಲ್ಲ. ಆಡದೇ ಇದ್ದದ್ದೇ ಅವನಿಗೆ ಸಾಕಾಯಿತು. ವಾರದೊಳಗೆ, ಅಂಗಡಿ ತಮ್ಮನೊಬ್ಬನಿಂದ ಆಗುತ್ತಿಲ್ಲ ಎಂದು ಹೇಳಿ ಹೊರಟುಹೋದ. ಪೆಟ್ಟಿಗೆ ನಮ್ಮಲ್ಲೇ ಉಳಿಯಿತು.

ಮರಿಗಳಿಲ್ಲದೆಯೇ ಚಿತ್ರ ಮುಗಿಯಿತು. ದೂರದ ನಗರವೊಂದರ ಗುಮ್ಮಟದಂಥ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ. ಕೊಕ್ಕರೆಗಳು ನೆತ್ತಿಯ ಮೇಲೆಯೇ ಹಾರಿದಾಗ ಜನ ತಲೆ ಬಗ್ಗಿಸಿ, ಆಮೇಲೆ ತಮಗೆ ತಾವೇ ನಕ್ಕು ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹೆಸರುಗಳು ಬಂದವು. ಎಲ್ಲರಿಗಿಂತ ಮೊದಲು, ಆ ಬೃಹತ್ ಪರದೆಯ ನಡುವೆ ಒಂಟಿಯಾಗಿ, ಚೆಲುವಯ್ಯ ಎಂದಿತ್ತು. ನನ್ನದು ಆಮೇಲೆ. ನಾಚಿಕೆಯಾಗಬೇಕಿದ್ದ ಹೊತ್ತಿನಲ್ಲೂ ನನಗೆ ಮೊದಲು ಆದದ್ದು ಹೊಟ್ಟೆಯುರಿ. ಅದು ನನಗೇ ಹೇಸಿಗೆ ತಂದಿತು. ಊರಿಗೆ ಮರಳಿದವನು ನೇರವಾಗಿ ಕೃಷ್ಣರಾಜಪೇಟೆಯ ಬಸ್ಸು ಹತ್ತಿದೆ.

ಅವನು ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನ ಕೈ ನಿಲ್ಲಲಿಲ್ಲ.

"ಅವತ್ತೇ ಗೊತ್ತಿತ್ತು ಕಣ್ಲಾ. ನಾ ಬಿಗಿ ಮಾಡಿದ್ ತಿರುಪು ತಾನಾಗ್ ಬಿಚ್ಕಳಾಕಿಲ್ಲ."

"ಮತ್ಯಾಕ್ಲಾ ಏಳ್ನಿಲ್ಲ?"

"ಏಳಿದ್ರೆ ಆಯಮ್ಮ ನಿನ್ನ ಓಡುಸ್ಬುಡೋರು. ಆಮೇಲ್ ಕ್ಯಾಮ್ರಾ ಇಡಿಯೋರ್ ಯಾರು? ಪೆಟ್ಗೆ ಮಾಡಿ ಆಗಿತ್ತು, ನಾ ಇಲ್ದಿದ್ರೂ ನಡೀತಿತ್ತು. ನೀ ಇಲ್ದೆ ಸಿನ್ಮಾ ಆಯ್ತಿತ್ತಾ?"

ಅವನು ಈಗ ಕೈ ನಿಲ್ಲಿಸಿ ತಲೆಯೆತ್ತಿದ. ಅಷ್ಟು ವರ್ಷಗಳಲ್ಲಿ ಅವನ ಕಣ್ಣಿನಲ್ಲಿ ಸಿಟ್ಟು ಕಂಡದ್ದು ಅದೊಂದೇ ಸಲ.

"ನನ್ನ ಇಸ್ಯ ಬುಡು. ಆ ಮರಿ ಏನ್ಲಾ ಮಾಡಿತ್ತು ನಿಂಗೆ? ಮೂರ್ ದಿನ ಉಡುಕ್ದೆ. ಕೆಳಗ್ಲ ಮಡುವ್ನಲ್ಲಿ ಸಿಕ್ತು. ಬೆಕ್ಕಿನ್ ಮರಿ ಅಂಗಿತ್ತು. ನಾನೇ ಮಣ್ ಮಾಡ್ದೆ."

ಅಂಗಡಿಗೆ ಹೋದಾಗಲೆಲ್ಲ ಎದುರಿನ ಹೋಟೆಲಿಗೆ ಕೂಗಿ ಟೀ ಹೇಳುತ್ತಿದ್ದವನು ಅವತ್ತು ಹೇಳಲಿಲ್ಲ. "ಮೇಡಮ್ಮಂಗೆ ನೀನೇ ಓಗಿ ಏಳು" ಎಂದಷ್ಟೇ ಅಂದು ಮತ್ತೆ ತಂತಿ ಸುತ್ತತೊಡಗಿದ.

ಸುಧಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಾಳೆಯಿಂದ ಬರಬೇಡಿ" ಅಂದರು. ಅದೇ ಸಂಜೆ ಕೃಷ್ಣರಾಜಪೇಟೆಗೆ ಹೋಗಿ ಚೆಲುವಯ್ಯನ ಕ್ಷಮೆ ಕೇಳಿ, ಎರಡನೆಯ ಚಿತ್ರಕ್ಕೆ ಅವನನ್ನು ಕರೆತಂದರಂತೆ. ನಾನು ಮದುವೆಗಳ ವಿಡಿಯೋ ತೆಗೆಯುವ ಕೆಲಸ ಹಿಡಿದೆ. ಆಲೆಮನೆಯ ಮುಂದೆ ಬಸ್ಸು ಹಾಯುವಾಗ ಆ ಕಡೆಯ ಕಿಟಕಿಯಲ್ಲಿ ಕೂರುತ್ತಿರಲಿಲ್ಲ.

ಒಂದೂವರೆ ವರ್ಷದ ಮೇಲೆ ಅಕ್ಕಿಹೆಬ್ಬಾಳಿನಲ್ಲಿ ಒಂದು ಮದುವೆ ಮುಗಿಸಿ, ಮಧ್ಯಾಹ್ನ ಮೈಸೂರಿನ ರೈಲಿಗೆಂದು ಸ್ಟೇಷನ್ನಿಗೆ ಬಂದೆ. ಪ್ಲಾಟ್‌ಫಾರಮ್ಮಿನ ತುಂಬ ಟ್ರಂಕುಗಳು. ಸುಧಾ, ಒಬ್ಬ ಹೊಸ ಕ್ಯಾಮರಾಮನ್, ಚೆಲುವಯ್ಯ. ಅರಸೀಕೆರೆಯಲ್ಲಿ ಗಾಡಿ ಬದಲಿಸಿ ಹಾವೇರಿ ಕಡೆಗೆ, ಅಲ್ಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಚಿತ್ರ ತೆಗೆಯಲು ಹೊರಟಿದ್ದರು. ಸುಧಾ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ನಾನು ಬೇವಿನ ಮರದ ಹಿಂದೆ ಸರಿದೆ. ಅಷ್ಟರಲ್ಲಿ ಅರಸೀಕೆರೆಯ ರೈಲು ಬಂತು. ಅಲ್ಲಿ ನಿಲ್ಲುವುದು ಎರಡೇ ನಿಮಿಷ.

"ಲೇ ರಾಮ್‌ಕಿಷ್ಣ!" ಚೆಲುವಯ್ಯ ಕೂಗಿದ. "ನಿಂತ್ಕಂಡ್ ಏನ್ಲಾ ನೋಡ್ತೀಯೆ? ಬಾ, ಒಂದ್ ಕೈ ಆಕು."

ಓಡಿದೆ. ಅವನೊಂದು ಕಡೆ, ನಾನೊಂದು ಕಡೆ ಹಿಡಿದು ಟ್ರಂಕುಗಳನ್ನು ಒಂದೊಂದಾಗಿ ಬೋಗಿಗೆ ಏರಿಸಿದೆವು. ಕೊನೆಯದನ್ನು ಏರಿಸುವಾಗ ಗಾಡಿ ಅಲುಗಿತ್ತು. ಅವನು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಬಾಗಿಲಲ್ಲಿ ನಿಂತು ಏನೋ ಹೇಳಿದ. ಗಾಲಿಗಳ ಸದ್ದಿಗೆ ನನಗೆ ಕೇಳಿಸಲಿಲ್ಲ. ಹೊಸ ಕ್ಯಾಮರಾಮನ್ ಒಳಗಿನಿಂದ ಅವನ ಹೆಗಲ ಮೇಲೆ ಕೈಯಿಟ್ಟು ಕರೆದ. ಚೆಲುವಯ್ಯ ನಗುತ್ತ ಒಳಗೆ ಹೋದ.

ಅವನನ್ನು ನೋಡಿದ್ದು ಅದೇ ಕೊನೆ. ಮರುವರ್ಷ, ಆ ಹುಲ್ಲುಗಾವಲಿನಲ್ಲೇ ಎದೆನೋವು ಬಂದು ತೀರಿಕೊಂಡ. ಅವತ್ತು ಅವನು ಹೇಳಿದ್ದು ಏನೆಂದು ಸುಧಾಗೆ ಕೇಳಿಸಿರಬಹುದು, ಆ ಹೊಸ ಕ್ಯಾಮರಾಮನ್‌ಗೂ ಕೇಳಿಸಿರಬಹುದು. ಅವರನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.